ಹವಾಮಾನ ನಿಧಿಯನ್ನು (ಹವಾಮಾನ ಬದಲಾವಣೆಯ ತೊಂದರೆ ಎದುರಿಸಲು ಇಟ್ಟ ಹಣವನ್ನು) ಯಾವ ಕೆಲಸಕ್ಕೆ ಕೊಡಬೇಕು ಅಂತ ಊರಿನ ಜನರೇ ತೀರ್ಮಾನಿಸಬಹುದಾ?

ಖಂಡಿತ ಆಗುತ್ತದೆ. ಮೊತ್ತ ಎಷ್ಟು, ನಿಯಮ ಏನು ಅಂತ ಮೊದಲೇ ಹೇಳಿ, ಆಯ್ಕೆಯನ್ನು ಊರಿನವರಿಗೆ ಬಿಡಬೇಕು. ಕೆನ್ಯಾದ ಇಸಿಯೋಲೊ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಇದನ್ನು ಮಾಡಿ ತೋರಿಸಿದೆ.

ಅಲ್ಲಿ ವಾರ್ಡಿನ ಜನ ತಮ್ಮ ಸಮಿತಿಯನ್ನು ತಾವೇ ಆರಿಸಿದರು. ನಿಧಿಯಲ್ಲಿ ಶೇ. 70ರಷ್ಟು ಈ ವಾರ್ಡ್ ಸಮಿತಿಗಳು ಆರಿಸಿದ ಕೆಲಸಗಳಿಗೆ, ಶೇ. 20 ಇಡೀ ಕೌಂಟಿಯ ಕೆಲಸಗಳಿಗೆ, ಉಳಿದದ್ದು ಆಡಳಿತಕ್ಕೆ. ನನಗೆ ತುಂಬಾ ಮುಖ್ಯ ಅನ್ನಿಸುವ ನಿಯಮ ಬೇರೆ. ವಾರ್ಡಿನ ಪ್ರಸ್ತಾವ ಷರತ್ತುಗಳಿಗೆ ಹೊಂದಿದರೆ ಕೌಂಟಿ ಮಟ್ಟದ ಸಮಿತಿ ಅದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಕೊರತೆ ಇದ್ದರೆ ತಿದ್ದಲು ನೆರವಾಗಬೇಕು.

ಇದರಿಂದ ಏನು ಲಾಭ? ಇಸಿಯೋಲೊದಲ್ಲಿ ದನ, ಮೇಕೆ, ಒಂಟೆ ಮೇಯಿಸುವ ಬೋರಾನಾ ಜನ ಜಾಸ್ತಿ. ಮಳೆಗಾಲಕ್ಕೆ ಒಂದು ಹುಲ್ಲುಗಾವಲು, ಬೇಸಿಗೆಗೆ ಒಂದು, ಬರಗಾಲಕ್ಕೆ ಅಂತ ಕಾದಿಟ್ಟದ್ದು ಇನ್ನೊಂದು. ಇದನ್ನು ನೋಡಿಕೊಳ್ಳುವ ಹಿರಿಯರ ವ್ಯವಸ್ಥೆಗೆ 'ದೆಧಾ' ಅಂತಾರೆ. ಹೊರಗಿನವರು ಒಳ್ಳೆಯ ಮನಸ್ಸಿನಿಂದಲೇ ಕಾದಿಟ್ಟ ಗಾವಲಿನಲ್ಲಿ ಬೋರ್‌ವೆಲ್ ಕೊರೆಸಿದರು ಅಂದುಕೊಳ್ಳಿ. ನೀರು ಸಿಕ್ಕಿತು ಅಂತ ದನಗಳು ವರ್ಷವಿಡೀ ಅಲ್ಲೇ ಮೇಯುತ್ತವೆ. ಬರ ಬರುವ ಹೊತ್ತಿಗೆ ಹುಲ್ಲೇ ಇರಲ್ಲ. ಎಲ್ಲಿ ನೀರು ಬೇಕು ಅನ್ನುವಷ್ಟೇ, ಎಲ್ಲಿ ಬೇಡ ಅನ್ನುವುದೂ ದನ ಮೇಯಿಸುವವರಿಗೆ ಗೊತ್ತು, ಅಲ್ವಾ? ದೆಧಾವನ್ನು ಬಲಪಡಿಸಲೂ ಅಲ್ಲಿನವರು ಈ ಹಣ ಬಳಸಿದರು.

ಆದರೆ ದಾನಿಗಳ ಹಣದಿಂದಲೇ ನಡೆಯುವ ಇಂಥ ನಿಧಿ ಅವರು ಕೈಬಿಟ್ಟರೆ ನಿಂತುಹೋಗುತ್ತದೆ. ಅದಕ್ಕೇ ಕೆನ್ಯಾದ ಇನ್ನೊಂದು ಕೌಂಟಿ ಮಕುಯೆನಿ 2015ರಲ್ಲಿ ತನ್ನ ಅಭಿವೃದ್ಧಿ ಬಜೆಟ್ಟಿನ ಶೇ. 1ರಷ್ಟನ್ನು ಇದಕ್ಕೆ ಇಡುವ ನಿಯಮ ತಂದಿತು.