ಪೋಲರೈಸರ್ ಕೈಯಲ್ಲಿ ತಿರುಗಿಸಿದರೆ ಸಾಲದೇ? ಲಿಕ್ವಿಡ್ ಕ್ರಿಸ್ಟಲ್ ಯಾಕೆ ಬೇಕು?

ನಿಮ್ಮ ಪ್ರಶ್ನೆ ಇಷ್ಟು: ಎಂಎಸ್ಸಿ ಪ್ರಾಜೆಕ್ಟ್‌ಗೆ ಮೈಕ್ರೋಸ್ಕೋಪಿನಲ್ಲಿ ಪೋಲರೈಸೇಶನ್ ಚಿತ್ರ (ಬೆಳಕು ಯಾವ ದಿಕ್ಕಿಗೆ ಕಂಪಿಸುತ್ತದೆ ಅಂತ ತೋರಿಸುವ ಚಿತ್ರ) ತೆಗೆಯಬೇಕು. ಪೋಲರೈಸರ್ (ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್) ತಿರುಗಿಸಿದರೆ ಕೆಲಸ ಆಗುತ್ತದೆ ಅಲ್ವಾ, ಮತ್ತೆ ಗೈಡ್ ಯಾಕೆ ದುಬಾರಿ ಲಿಕ್ವಿಡ್ ಕ್ರಿಸ್ಟಲ್ ತರಿಸೋಣ ಅನ್ನುತ್ತಿದ್ದಾರೆ? ನಾನು ಎರಡೂ ಥರ ಮಾಡಿ ನೋಡಿದವನು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ತಿರುಗಿಸಿಯೇ ಶುರು ಮಾಡಿದ್ದು. ಕ್ಯಾಮೆರಾ ಕಡೆಯ ಪೋಲರೈಸರನ್ನು 0, 45, 90, 135 ಡಿಗ್ರಿಗೆ ಇಟ್ಟು ನಾಲ್ಕು ಚಿತ್ರ ತೆಗೆದೆ. ಒಂದರಿಂದ ಒಂದು ಕಳೆದಾಗ ಪ್ರತಿ ಕಣದ ಒಂದು ಅಂಚು ಬೆಳ್ಳಗೆ, ಎದುರಿನ ಅಂಚು ಕಪ್ಪಗೆ ಬಂತು. ನಾಣ್ಯದ ಮೇಲಿನ ಅಚ್ಚಿನ ಹಾಗೆ ಚಂದ ಕಾಣುತ್ತಿತ್ತು. ಏನೋ ಸಿಕ್ಕಿತು ಅಂತ ಎರಡು ದಿನ ಖುಷಿಯಲ್ಲಿದ್ದೆ. ಆಮೇಲೆ ಗೊತ್ತಾಯಿತು, ಪೋಲರೈಸರಿನ ಎರಡು ಮುಖಗಳು ಸಮಾನಾಂತರ ಇರಲಿಲ್ಲ. ತಿರುಗಿಸಿದಾಗಲೆಲ್ಲ ಚಿತ್ರ ಒಂದೆರಡು ಪಿಕ್ಸೆಲ್ ಜರುಗುತ್ತಿತ್ತು. ಅಂಚಿನಲ್ಲಿ ಕಂಡದ್ದು ಆ ಜರುಗಾಟ, ಪೋಲರೈಸೇಶನ್ ಅಲ್ಲ.

ಲಿಕ್ವಿಡ್ ಕ್ರಿಸ್ಟಲ್‌ನಲ್ಲಿ ಯಾವುದೂ ತಿರುಗುವುದಿಲ್ಲ. ಎಲ್ಲರೂ ಅದರ ವೇಗವನ್ನು ಹೊಗಳುತ್ತಾರೆ. ನನಗೆ ಮಾತ್ರ ಏನೂ ತಿರುಗದಿರುವುದೇ ದೊಡ್ಡ ಲಾಭ.

ಒಳಗಿರುವುದು ತುಂಬಾ ಸರಳ. ಎರಡು ಗಾಜು, ನಡುವೆ ಕೆಲವೇ ಮೈಕ್ರಾನ್ ದಪ್ಪದ ಪದರ. ಅದರಲ್ಲಿ ಕಡ್ಡಿಯಂಥ ಅಣುಗಳು ಗಾಜಿಗೆ ಒರಗಿ ಒಂದೇ ದಿಕ್ಕಿಗೆ ಮಲಗಿರುತ್ತವೆ. (ತಟ್ಟೆಯಂಥ ಅಣುಗಳ ಲಿಕ್ವಿಡ್ ಕ್ರಿಸ್ಟಲ್ ಕೂಡ ಇದೆ. 1977ರಲ್ಲಿ ಅದನ್ನು ತೋರಿಸಿಕೊಟ್ಟದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಅವರ ಜೊತೆಗಾರರು. ನಮ್ಮ ಕೆಲಸಕ್ಕೆ ಅದು ಬೇಡ, ಸುಮ್ನೆ ಹೇಳಿದೆ.) ಕಡ್ಡಿಯ ಉದ್ದಕ್ಕೆ ಕಂಪಿಸುವ ಬೆಳಕು ನಿಧಾನ, ಅಡ್ಡಕ್ಕೆ ಕಂಪಿಸುವುದು ಬೇಗ. ಈ ಹಿಂದುಮುಂದನ್ನೇ ರಿಟಾರ್ಡೆನ್ಸ್ ಅನ್ನುವುದು. ವೋಲ್ಟೇಜ್ ಕೊಟ್ಟರೆ ಕಡ್ಡಿಗಳು ಎದ್ದು ನಿಲ್ಲುತ್ತವೆ, ರಿಟಾರ್ಡೆನ್ಸ್ ಇಳಿಯುತ್ತದೆ. ಅಂದರೆ ಇದು ವೋಲ್ಟೇಜಿನಿಂದ ಬದಲಾಯಿಸಬಹುದಾದ ವೇವ್‌ಪ್ಲೇಟ್ (ಬೆಳಕಿನ ಎರಡು ಕಂಪನಗಳಲ್ಲಿ ಒಂದನ್ನು ಹಿಂದೆ ಹಾಕುವ ತಟ್ಟೆ).

ಇಂಥ ಎರಡನ್ನು ಜೋಡಿಸಿ ಮಾಡಿದ ಪೋಲರೈಸೇಶನ್ ಮೈಕ್ರೋಸ್ಕೋಪೇ ಎಲ್‌ಸಿ-ಪೋಲ್‌ಸ್ಕೋಪ್ (ಎಲ್‌ಸಿ ಅಂದರೆ ಲಿಕ್ವಿಡ್ ಕ್ರಿಸ್ಟಲ್). 1990ರ ದಶಕದಲ್ಲಿ ಅಮೆರಿಕದ ವುಡ್ಸ್ ಹೋಲ್‌ನಲ್ಲಿ ರುಡಾಲ್ಫ್ ಓಲ್ಡನ್‌ಬರ್ಗ್ ಅದನ್ನು ರೂಪಿಸಿದರು. ಅದಕ್ಕೂ ಮೊದಲು, 1950ರ ದಶಕದಲ್ಲೇ, ಜೀವವಿಜ್ಞಾನಿ ಶಿನ್ಯಾ ಇನೊಯೆ ಅವರು ಬದುಕಿರುವ ಕೋಶ ಎರಡಾಗುವಾಗ ಮೂಡುವ ಕದಿರಿನ (ಸ್ಪಿಂಡಲ್) ಎಳೆಗಳನ್ನು ಪೋಲರೈಸ್ಡ್ ಬೆಳಕಿನಲ್ಲಿ ತೋರಿಸಿದ್ದರು. ಆ ಕದಿರಿನ ರಿಟಾರ್ಡೆನ್ಸ್ ಕೆಲವೇ ನ್ಯಾನೋಮೀಟರ್. ನೋಡಲು ಬಳಸುವ ಹಸಿರು ಬೆಳಕಿನ ಅಲೆಯೋ 546 ನ್ಯಾನೋಮೀಟರ್! ಇಷ್ಟು ಸಣ್ಣದನ್ನು ಹಿಡಿಯಬೇಕಾದರೆ ಒಂದು ಪಿಕ್ಸೆಲ್ ಜರುಗಿದರೂ ಕೆಲಸ ಕೆಟ್ಟಿತು. ಬಣ್ಣ ಹಾಕದೆ ಅಂಡಾಣುವಿನ ಕದಿರು ನೋಡಲು ಐವಿಎಫ್ ಲ್ಯಾಬುಗಳಲ್ಲೂ ಈ ವಿಧಾನ ಬಂತು.

ನೀವೇ ನೋಡಬೇಕಾದ ಒಂದು ಆಟ ಹೇಳುತ್ತೇನೆ. ಒಂದು ಚಿಟಿಕೆ ಅಕ್ಕಿ ಹಿಟ್ಟನ್ನು ನೀರಲ್ಲಿ ಕಲಸಿ ಸ್ಲೈಡಿಗೆ ಹಾಕಿ. ಒಂದಕ್ಕೊಂದು ಅಡ್ಡ (90 ಡಿಗ್ರಿಗೆ) ನಿಲ್ಲಿಸಿದ ಎರಡು ಪೋಲರೈಸರ್ ನಡುವೆ ಪ್ರತಿ ಪಿಷ್ಟದ ಕಣವೂ ಹೊಳೆಯುತ್ತದೆ, ಮೈಮೇಲೆ ಕಪ್ಪು ಕೂಡು ಗುರುತು ಇರುತ್ತದೆ. ಆ ಗುರುತು ಕಣದಲ್ಲಿಲ್ಲ. ಅಣುಗಳ ದಿಕ್ಕು ಪೋಲರೈಸರಿನ ದಿಕ್ಕಿಗೆ ಹೊಂದಿದ ಕಡೆ ಬೆಳಕು ಬರುವುದಿಲ್ಲ, ಅಷ್ಟೇ. ಈಗ ಎರಡು ಲಿಕ್ವಿಡ್ ಕ್ರಿಸ್ಟಲ್ ಇಟ್ಟು ನಾಲ್ಕೈದು ವೋಲ್ಟೇಜ್ ಜೋಡಿಗಳಲ್ಲಿ ಚಿತ್ರ ತೆಗೆದು ಲೆಕ್ಕ ಹಾಕಿ. ಬರುವ ರಿಟಾರ್ಡೆನ್ಸ್ ಚಿತ್ರದಲ್ಲಿ ಕೂಡು ಗುರುತೇ ಮಾಯ! ದಿಕ್ಕಿನ ಮಾಹಿತಿ ಬೇರೆ ಚಿತ್ರವಾಗಿ ಬಂದಿರುತ್ತದೆ. ಸ್ಟೇಜ್ ತಿರುಗಿಸುವ ಕಷ್ಟವೂ ಇಲ್ಲ. ಆಲೂಗಡ್ಡೆಯ ಪಿಷ್ಟ ಮಾತ್ರ ಬೇಡ, ಆ ಕಣಗಳು ದಪ್ಪ. ರಿಟಾರ್ಡೆನ್ಸ್ ಜಾಸ್ತಿಯಾಗಿ ಲೆಕ್ಕ ಸುತ್ತು ಹೊಡೆದು ಸುಳ್ಳು ಸಂಖ್ಯೆ ಕೊಡುತ್ತದೆ.

ಇನ್ನು ಇದರ ಕಾಟಗಳು. ದೊಡ್ಡದು ಸೆಕೆ. ಬಿಸಿ ಏರಿದರೆ ಅದೇ ವೋಲ್ಟೇಜಿಗೆ ರಿಟಾರ್ಡೆನ್ಸ್ ಬೇರೆ. ಒಂದು ಏಪ್ರಿಲ್‌ನಲ್ಲಿ ಬೆಳಗ್ಗೆ ಎಸಿ ಹಾಕಿಕೊಂಡು ಕ್ಯಾಲಿಬ್ರೇಟ್ ಮಾಡಿದ್ದೆ. ಮಧ್ಯಾಹ್ನ ಕರೆಂಟ್ ಹೋಯಿತು. ಉಪಕರಣಗಳು ಯುಪಿಎಸ್ ಮೇಲಿದ್ದವು, ಎಸಿ ಇರಲಿಲ್ಲ. ಸಂಜೆ ಖಾಲಿ ಗಾಜು ಇಟ್ಟು ನೋಡಿದರೆ ಅದಕ್ಕೂ ರಿಟಾರ್ಡೆನ್ಸ್ ಬರುತ್ತಿದೆ! ಅರ್ಧ ದಿನದ ಡೇಟಾ ಕಸದ ಬುಟ್ಟಿಗೆ. ಅಂದಿನಿಂದ ಪ್ರತಿ ಸ್ಯಾಂಪಲ್‌ಗೂ ಮೊದಲು ಒಂದು ಖಾಲಿ ಜಾಗದ ಚಿತ್ರ ತೆಗೆದಿಡುತ್ತೇನೆ.

ವೇಗದ ಬಗ್ಗೆಯೂ ಒಂದು ಮಾತು. ವೋಲ್ಟೇಜ್ ಏರಿಸಿದಾಗ ಅಣುಗಳು ಥಟ್ಟನೆ ಏಳುತ್ತವೆ, ಇಳಿಸಿದಾಗ ತಮ್ಮ ಪಾಡಿಗೆ ಮಲಗುತ್ತವೆ, ಅದಕ್ಕೆ ಹತ್ತಾರು ಮಿಲಿಸೆಕೆಂಡ್ ಬೇಕು. ಅದು ಮುಗಿಯುವ ಮೊದಲೇ ಕ್ಯಾಮೆರಾ ಕ್ಲಿಕ್ ಆದರೆ ಹಿಂದಿನ ಸ್ಥಿತಿ ಸ್ವಲ್ಪ ಬೆರೆತಿರುತ್ತದೆ.

ನೇರ ಪೋಲರೈಸೇಶನ್ (ಒಂದೇ ಗೆರೆಯಲ್ಲಿ ಕಂಪಿಸುವ ಬೆಳಕು) ಮಾತ್ರ ಸಾಕು ಅನ್ನುವುದಾದರೆ ಪಿಕ್ಸೆಲ್ ಮೇಲೇ ನಾಲ್ಕು ದಿಕ್ಕಿನ ಪೋಲರೈಸರ್ ಇರುವ ಕ್ಯಾಮೆರಾ ತಗೊಳ್ಳಿ, ಒಂದೇ ಕ್ಲಿಕ್ಕಿಗೆ ಕೆಲಸ ಆಗುತ್ತದೆ. ವರ್ತುಲ ಪೋಲರೈಸೇಶನ್ (ಕಂಪನದ ದಿಕ್ಕು ಸುತ್ತುತ್ತಾ ಹೋಗುವ ಬೆಳಕು) ಅದಕ್ಕೆ ನೇರವಾಗಿ ಸಿಗುವುದಿಲ್ಲ. ಅಲುಗಾಡದ ಸ್ಯಾಂಪಲ್, ದೊಡ್ಡ ರಿಟಾರ್ಡೆನ್ಸ್ ಇದ್ದರೆ ತಿರುಗಿಸುವ ದಾರಿಯೇ ಸಾಕು, ಚಿತ್ರಗಳನ್ನು ಸಾಫ್ಟ್‌ವೇರಿನಲ್ಲಿ ಸರಿಹೊಂದಿಸಿಕೊಳ್ಳಿ. ಜೀವಂತ ಕೋಶ ನೋಡುವುದಾದರೆ ನಿಮ್ಮ ಗೈಡ್ ಹೇಳಿದ್ದೇ ಸರಿ.

ಲಿಕ್ವಿಡ್ ಕ್ರಿಸ್ಟಲ್ ತರಿಸಿದರೆ ಅದಕ್ಕೆ ಡಿಸಿ ವೋಲ್ಟೇಜ್ ಕೊಡಲೇಬೇಡಿ. ಒಳಗಿನ ಅಯಾನುಗಳು ಒಂದು ಕಡೆ ಸೇರಿ ಸೆಲ್ ಹಾಳಾಗುತ್ತದೆ. ಸಾಮಾನ್ಯವಾಗಿ 2 ಕಿಲೋಹರ್ಟ್ಸ್ ಸ್ಕ್ವೇರ್ ವೇವ್ ಕೊಡುತ್ತಾರೆ. ಫಂಕ್ಷನ್ ಜನರೇಟರಿನ ಆಫ್‌ಸೆಟ್ (ಅಲೆಯ ಜೊತೆ ಸೇರಿಕೊಳ್ಳುವ ಡಿಸಿ) ಸೊನ್ನೆ ಇದೆಯಾ ಅಂತ ಮಲ್ಟಿಮೀಟರ್ ಇಟ್ಟು ನೋಡಿ, ಆಮೇಲೆ ವೈರ್ ಸಿಕ್ಕಿಸಿ.