ಐದು ಡೇಟಾಬೇಸ್ ನಿಭಾಯಿಸುವುದು ಹೇಗೆಂದು ಕೇಳಿದ ಮಂಡ್ಯದ ತಮ್ಮನಿಗೆ

ತಮ್ಮಾ,

ಮಂಡ್ಯದಿಂದ ದಿನವೂ ಮೈಸೂರಿಗೆ ಓಡಾಡುತ್ತಾ ಆರು ವರ್ಷ ಒರಾಕಲ್ ಡೇಟಾಬೇಸ್ ಒಂದನ್ನೇ ನೋಡಿಕೊಂಡಿದ್ದೇನೆ, ಮ್ಯೂನಿಕ್‌ನ ಹೊಸ ಕೆಲಸದಲ್ಲಿ ಐದು ಬಗೆಯ ಡೇಟಾಬೇಸ್ ಇವೆಯಂತೆ, ಹೇಗಣ್ಣ ಎಂದು ಕೇಳಿದ್ದೀಯೆ. ಚಳಿಯ ಬಗ್ಗೆಯೂ ಕೇಳಿದ್ದೀಯೆ. ಅದಕ್ಕೆ ಒಳ್ಳೆಯ ಕೋಟು, ಬೂಟು ಸಾಕು. ಇಲ್ಲಿಗೆ ಬಂದೇ ಕೊಂಡುಕೋ.

ನಿನ್ನ ಆರು ವರ್ಷ ವ್ಯರ್ಥವಲ್ಲ. ಇಂಡೆಕ್ಸ್, ಲಾಕ್, ಬ್ಯಾಕಪ್ ಎಲ್ಲ ಕಡೆಯೂ ಇವೆ. ಆದರೆ ನಿಮ್ಮ ಆಲೆಮನೆಯನ್ನೇ ನೆನೆದುಕೋ. ಪಾಕದ ಹದ ಬಲ್ಲವನೂ ಬೇರೆಯವರ ಕೊಪ್ಪರಿಗೆಯ ಮುಂದೆ ಮೊದಲ ದಿನ ಎಚ್ಚರದಿಂದ ನಿಲ್ಲುತ್ತಾನೆ. ನಾನು ಹಾಗೆ ನಿಲ್ಲಲಿಲ್ಲ.

ಬಂದ ವರ್ಷವೇ ಗ್ರಾಹಕರ ಪಟ್ಟಿಯನ್ನು ಒರಾಕಲ್‌ನಿಂದ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ಗೆ ಸಾಗಿಸಿದೆ. ಸಾಲುಗಳ ಲೆಕ್ಕ ತಾಳೆಯಾಯಿತು, ನೆಮ್ಮದಿಯಿಂದ ಮನೆಗೆ ಹೋದೆ. ಮರುದಿನ ಅಚ್ಚಾದ ವಿಳಾಸದ ಚೀಟಿಗಳಲ್ಲಿ ಬೀದಿ ಇದೆ, ಊರು ಇದೆ, ಹೆಸರಿಲ್ಲ. ನಡುಹೆಸರು ಇಲ್ಲದವರ ಚೀಟಿಗಳು ಮಾತ್ರ ಹಾಗೆ. ಹೆಸರಿನ ತುಂಡುಗಳನ್ನು ಎರಡು ನಿಲುವುಗೆರೆ (||) ಹಾಕಿ ಜೋಡಿಸುವಾಗ ಒರಾಕಲ್ ನಲ್ ಅನ್ನು, ಅಂದರೆ ಏನನ್ನೂ ತುಂಬದೆ ಬಿಟ್ಟ ತುಂಡನ್ನು, ಬಿಟ್ಟು ಉಳಿದದ್ದನ್ನು ಕೊಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಒಂದು ತುಂಡು ನಲ್ ಆದರೆ ಇಡೀ ಹೆಸರೇ ನಲ್. ಎರರ್ ಕೂಡ ಬರಲಿಲ್ಲ. ಖಾಲಿ ಪಠ್ಯವನ್ನೂ ಒರಾಕಲ್ ನಲ್ ಎಂದೇ ಎಣಿಸುತ್ತದೆ, ಪೋಸ್ಟ್‌ಗ್ರೆಸ್ ಎರಡನ್ನೂ ಬೇರೆ ಬೇರೆಯಾಗಿ ಇಡುತ್ತದೆ. ಇದನ್ನು ಆ ದಿನ ಕೆಲಸ ಬಿಟ್ಟು ಸಂಜೆಯವರೆಗೆ ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟವರು ಒಬ್ಬ ಹಿರಿಯ ಸಹೋದ್ಯೋಗಿ. ನಾನು ಒಂದು ವಾರ ಮೊದಲೇ ಕೇಳಿದ್ದರೆ ಆಗಲೇ ಹೇಳುತ್ತಿದ್ದರು. ಗೊತ್ತಿಲ್ಲ ಎನ್ನಲು ನನಗೆ ಸಂಕೋಚವಿತ್ತು. ನಿನಗೆ ಅದು ಬೇಡ.

ಇನ್ನೊಂದು ಸಂಗತಿ ಮೈಸೂರಿನಲ್ಲಿ ನಿನಗೆ ಎದುರಾಗಿರಲಾರದು. ಇಲ್ಲಿ ಅಕ್ಟೋಬರ್ ಕೊನೆಯ ಭಾನುವಾರ ನಸುಕಿನ 3 ಗಂಟೆಗೆ ಗಡಿಯಾರವನ್ನು 2ಕ್ಕೆ ಹಿಂದಿಡುತ್ತಾರೆ. ಎರಡೂವರೆ ಗಂಟೆ ಎರಡು ಸಲ ಬರುತ್ತದೆ. ಒರಾಕಲ್‌ನ ಡೇಟ್‌ನಲ್ಲಿ ದಿನದ ಜೊತೆ ಗಂಟೆ, ನಿಮಿಷ ಇರುತ್ತವೆ, ಸಮಯವಲಯ ಇರುವುದಿಲ್ಲ. ಪೋಸ್ಟ್‌ಗ್ರೆಸ್‌ನ ಡೇಟ್‌ನಲ್ಲಿ ದಿನ ಮಾತ್ರ. ಸ್ಥಳೀಯ ಸಮಯವನ್ನಷ್ಟೇ ಬರೆದಿಟ್ಟರೆ ಆ ರಾತ್ರಿಯ ಹಣ ಪಾವತಿಗಳಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರೂ ಹೇಳಲಾರರು. ಆದ್ದರಿಂದ ಯಾವ ಡೇಟಾಬೇಸ್ ಕೈಗೆ ಬಂದರೂ ಮೊದಲ ವಾರ ಈ ಎರಡನ್ನು ಪುಟ್ಟ ಟೇಬಲ್ ಮಾಡಿ ನೀನೇ ಪರೀಕ್ಷಿಸು: ಖಾಲಿಯನ್ನು ಅದು ಹೇಗೆ ಕಾಣುತ್ತದೆ, ಸಮಯವನ್ನು ಹೇಗೆ ಇಡುತ್ತದೆ. ಐದನ್ನೂ ಒಟ್ಟಿಗೆ ಕಲಿಯಲು ಹೋಗಬೇಡ.

ನಿನ್ನ ಪಾಸ್‌ಪೋರ್ಟ್ ತೆಗೆದು ನೋಡು. ಮನೆತನದ ಹೆಸರಿನ ಜಾಗ ಖಾಲಿ ಇದ್ದರೆ ಹೊರಡುವ ಮೊದಲೇ ತುಂಬಿಸಿಕೋ. ಇಲ್ಲಿನ ಅರ್ಜಿಗಳು ಅದನ್ನು ಕೇಳುತ್ತವೆ.