ಕಿವಿ ಕೇಳದ ಮಗುವಿಗೆ ಹಲ್ಲುಜ್ಜುವುದನ್ನು ಕಲಿಸುವುದು ಹೇಗೆ?

ಬಾಯಿಮಾತಲ್ಲಿ ಹೇಳಿಕೊಡಲು ಆಗದಿದ್ದಾಗ ಏನು ಮಾಡಬೇಕು ಅಂತ ಕೇಳಿದ್ದೀರಿ. ತೋರಿಸಿ ಕಲಿಸಬೇಕು, ಅದು ಸರಿ. ಆದರೆ ಸುಮಾರು ಜನ ಬ್ರಷ್ ಆಡಿಸುತ್ತಲೇ ಸನ್ನೆಯನ್ನೂ ಮಾಡುತ್ತಾರೆ. ಮಗು ಬ್ರಷ್ ನೋಡಬೇಕೋ, ಸನ್ನೆ ನೋಡಬೇಕೋ? ಎರಡೂ ಒಟ್ಟಿಗೆ ಆಗಲ್ಲ ಅಲ್ವಾ. ಮೊದಲು ಎದುರು ಕೂತು ಸನ್ನೆಯಲ್ಲಿ ಹೇಳಿ. ಸ್ವಲ್ಪ ತಡೆಯಿರಿ. ಆಮೇಲೆ ಮಾಡಿ ತೋರಿಸಿ.

ನಂತರ ಕನ್ನಡಿ ಮುಂದೆ ನಿಲ್ಲಿಸಿ, ಮಗುವಿನ ಕೈ ಮೇಲೆ ನಿಮ್ಮ ಕೈ ಇಟ್ಟು ಉಜ್ಜಿಸಿ. ಬ್ರಷ್ಷನ್ನು ವಸಡಿನ ಕಡೆ ಓರೆಯಾಗಿ ಹಿಡಿದು, ಮೆತ್ತಗೆ ಸಣ್ಣ ಸಣ್ಣ ಸುತ್ತು. ಎಷ್ಟು ಒತ್ತಬೇಕು ಅನ್ನುವುದು ಚಿತ್ರ ನೋಡಿ ಗೊತ್ತಾಗಲ್ಲ, ಕೈಗೇ ಗೊತ್ತಾಗಬೇಕು. 2 ನಿಮಿಷ ಅಳೆಯಲು ಬೀಪ್ ಅನ್ನುವ ಟೈಮರ್ ಬೇಡ, ಮರಳು ಗಡಿಯಾರ ಇಡಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಹಲ್ಲಿಗೆ ಅಂಟಿದ ಪಾಚಿ (ಪ್ಲಾಕ್) ತೋರಿಸುವ ಬಣ್ಣದ ಮಾತ್ರೆ. ಹಲ್ಲಿನ ಡಾಕ್ಟರನ್ನು ಕೇಳಿ ತಗೊಳ್ಳಿ. ಅಗಿದು, ಬಾಯಿ ಮುಕ್ಕಳಿಸಿ ಉಗಿದರೆ ಪಾಚಿ ಉಳಿದ ಜಾಗಕ್ಕೆ ಬಣ್ಣ ಹಿಡಿದಿರುತ್ತದೆ. ‘ಇಲ್ಲಿ ಸರಿಯಾಗಿ ಉಜ್ಜಿಲ್ಲ’ ಅಂತ ನೀವು ಹೇಳುವುದೇ ಬೇಡ.

3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು, ದಿನಕ್ಕೆ 2 ಸಲ. ಇನ್ನು ಡಾಕ್ಟರ್ ಹತ್ತಿರ ಹೋದಾಗ, ಅವರು ಮಾಸ್ಕ್ ಹಾಕಿ ಮುಖ ಮರೆಯಾಗುವ ಮೊದಲೇ ಎಲ್ಲವನ್ನೂ ಮಗುವಿಗೆ ವಿವರಿಸಲು ಹೇಳಿ.